ಕೆಮುಂಟೊ ಮೇಡಂ ಕುಡಿಯುವ ಚಹಾ

ಕೆನ್ಯಾದ ಕಿಸಿ ಗುಡ್ಡಗಳ ಹೈಸ್ಕೂಲುಗಳಲ್ಲಿ ತಪಾಸಣಾಧಿಕಾರಿ ಕೆಮುಂಟೊ ಮೇಡಂ ಅವರ ಜೀಪು ಗೇಟಿನಲ್ಲಿ ಕಂಡರೆ ಸಾಕು, ಒಡೆದುಹೋದಾವೆಂದು ವರ್ಷವಿಡೀ ಬೀಗದೊಳಗಿಟ್ಟ ಗಾಜಿನ ಪ್ರನಾಳಗಳೆಲ್ಲ ಪ್ರಯೋಗಾಲಯದ ಮೇಜಿಗೆ ಬರುತ್ತವೆ. ಒಂಚಿರಿ ಮೇಷ್ಟ್ರು ಹೆಡ್ಮಾಸ್ಟರಾಗಿರುವ ಶಾಲೆಯಲ್ಲೂ ಮೇಡಂ ಎಲ್ಲವನ್ನೂ ನೋಡಿ, ಸಹಿ ಹಾಕಿ, ಅವರ ಕೋಣೆಯಲ್ಲಿ ಕುರ್ಚಿಯನ್ನು ಕಿಟಕಿಗೆ ತಿರುಗಿಸಿಕೊಂಡು ಕೂರುತ್ತಾರೆ. "ಒಂಚಿರಿ ಮೇಷ್ಟ್ರೇ, ಇನ್ನೊಂದು ಕಪ್ ಚಹಾ ಸಿಗುತ್ತಾ? ನಿಧಾನಕ್ಕೆ ಕಾಯಿಸ್ಲಿ." "ಮಳೆ ಬರೋ ಹಾಗಿದೆ ಮೇಡಂ, ದಾರೀಲಿ ಜೀಪು ಹೂತ್ಕೊಳ್ಳತ್ತೆ" ಎಂದು ಹೆಡ್ಮಾಸ್ಟರ್ ಹೇಳಿದರೂ ಕದಲುವುದಿಲ್ಲ. "ಈಯಮ್ಮಂಗೆ ಕೆರೆ ತುಂಬ ಚಹಾ ಕಾಯಿಸಿದ್ರೂ ಸಾಲಲ್ಲ" ಎಂದು ಅಡುಗೆಯ ಮೊರಾ ಗೊಣಗುತ್ತಾಳೆ. ತಾವು ಹೊರಟ ಕೂಡಲೇ ಗಾಜೆಲ್ಲ ಕಪಾಟು ಸೇರುವುದು ಮೇಡಂಗೆ ಗೊತ್ತು. ಕಿಟಕಿಯಾಚೆಯ ಪ್ರಯೋಗಾಲಯದಲ್ಲಿ ಕೊನೆಯ ಬೆಂಚಿನ ಹುಡುಗಿಯ ಕೈಗೂ ಪ್ರನಾಳ ಸಿಕ್ಕಿ, ಅದರೊಳಗಿನ ನೀರು ನೀಲಿಗೆ ತಿರುಗಿದ ಮೇಲೆಯೇ ಕಪ್ ಕೆಳಗಿಟ್ಟು ಏಳುತ್ತಾರೆ. ಅಸಲಿಗೆ ಚಹಾ ಅವರಿಗೆ ಸೇರುವುದೇ ಇಲ್ಲ.