ದೆವ್ವ ಚಪ್ಪಲಿ ಕಳಚಿಟ್ಟು ಒಳಗೆ ಬಂತು

೧೯೮೮ರ ಒಂದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮಹಮೂದಾಬೇಗಂ ರಾಣೆಬೆನ್ನೂರಿನ ಟಾಕೀಸೊಂದರ ಹೆಂಗಸರ ಕಡೆ ಮತ್ತೊಮ್ಮೆ ಕುರ್ಚಿ ಬದಲಿಸುತ್ತಿದ್ದಳು. ಪರದೆಯ ಮೇಲಿದ್ದವಳೂ ಅವಳೇ. ಗಂಡ ಬಾವಿಗೆ ನೂಕಿ ಕೊಂದ ಹೆಂಡತಿ, ರಕ್ತ ಹೀರುವ ದೆವ್ವವಾಗಿ ಎದ್ದು ಬಂದು ಸೇಡು ತೀರಿಸಿಕೊಳ್ಳುವ ಪಿಕ್ಚರು. ಸೆರಗು ಮುಂದಕ್ಕೆ ಎಳೆದುಕೊಂಡಿದ್ದರಿಂದ ಪಕ್ಕದವರಿಗೆ ಗುರುತು ಸಿಕ್ಕಿರಲಿಲ್ಲ.

ಹದಿನಾಲ್ಕನೇ ವಯಸ್ಸಿಗೆ ಗುತ್ತಲದಲ್ಲಿ ನಾಟಕ ಕಂಪನಿ ಸೇರಿದವಳು, ಇಪ್ಪತ್ತೈದು ವರ್ಷ ಊರೂರಿನ ಜನರನ್ನು ಅಳಿಸಿದಳು. ನಲವತ್ತು ಹತ್ತಿರ ಬಂದಂತೆ ಮಾಲಕ ಪ್ರಭುಲಿಂಗಪ್ಪ ಅವಳಿಗೆ ಅತ್ತೆ, ಅಡುಗೆಯವಳು ಇಂಥ ಪಾತ್ರಗಳನ್ನೇ ಕೊಡತೊಡಗಿದ. ಈ ಪಿಕ್ಚರಿನಲ್ಲಿ ನಿನ್ನನ್ನು ಕಂಡು ಜನ ಅಂಜಿದರೆ ಕಂಪನಿಯ ಮುಂದಿನ ಬ್ಯಾಡಗಿ ಕ್ಯಾಂಪಿನಲ್ಲಿ ಮುಖ್ಯ ಪಾತ್ರ ನಿನ್ನದೇ ಎಂದಿದ್ದ. ಅದನ್ನು ನೋಡಲೆಂದೇ ಈಗ ಬಾಲ್ಕನಿಯಲ್ಲಿ ಕೂತಿದ್ದ.

ಮುಂದೆ ಬರಲಿದ್ದ ದೃಶ್ಯ ನೆನೆದು ಅವಳ ಕಾಲು ನಿಲ್ಲುತ್ತಿರಲಿಲ್ಲ. ಹಾವೇರಿಯ ಹಳೇ ಮನೆಯೊಂದರಲ್ಲಿ ಶೂಟಿಂಗ್ ನಡೆದಿತ್ತು. ಅಂಗಳದ ತುಂಬ ಮುಳ್ಳು ಎಂದು ಚಪ್ಪಲಿ ಮೆಟ್ಟಿದ್ದಳು. ಕೂದಲು ಕೆದರಿ, ಹುಸಿ ಕೋರೆಹಲ್ಲು ಕಚ್ಚಿಕೊಂಡು, ಗಂಡನ ಕುತ್ತಿಗೆಗೆ ಬಾಯಿ ಹಾಕಲು ಹೊರಟವಳು ಹೊಸ್ತಿಲಿಗೆ ಬಂದಾಗ ಅರಿವಿಲ್ಲದೆ ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಒಳಗೆ ಹೆಜ್ಜೆ ಇಟ್ಟಿದ್ದಳು. ನಿರ್ದೇಶಕ ರಮೇಶ ಅದನ್ನು ಕಂಡದ್ದು ಪ್ರಿಂಟು ತಯಾರಾದ ಮೇಲೆ. ಇವತ್ತಿನ ಆಟ ಮುಗಿದ ಕೂಡಲೇ ಆ ತುಂಡು ಕತ್ತರಿಸುತ್ತೇನೆ ಎಂದು ಅವಳ ಮುಂದೆ ಆಣೆ ಮಾಡಿದ್ದ.

ಹೊಸ್ತಿಲು ಬಂತು. ಟಾಕೀಸಿಗೆ ಟಾಕೀಸೇ ನಕ್ಕಿತು.

“ತಂಗೀ, ಒಳಗ ಇಟಗೋ, ನಾಯಿ ಒಯ್ದಾವು,” ಎಂದ ಮುಂದಿನ ಬೆಂಚಿನವನೊಬ್ಬ.

ಮಹಮೂದಾ ಹೊರಟುಬಿಡಲೆಂದು ಅರ್ಧ ಎದ್ದಿದ್ದಳು. ಪಕ್ಕದ ಮುದುಕಿ ಮಾತ್ರ ನಗದೆ, ತನ್ನಷ್ಟಕ್ಕೆ ಎಂಬಂತೆ, “ತಾನ ಸಾರಿಸಿದ ನೆಲಾ ಅಲ್ಲೇನು ಅದು. ಸತ್ತರೂ ಹೆಂಗ ತುಳದಾಳು,” ಎಂದಳು.

ಮಹಮೂದಾ ಮತ್ತೆ ಕೂತಳು. ನಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಪರದೆಯ ಮೇಲೆ ದೆವ್ವ ಗಂಡ ಮಲಗಿದ್ದ ಮಂಚದ ಪಕ್ಕ ಸುಮ್ಮನೆ ನಿಂತಿತ್ತು. ನಿಂತದ್ದು ಬಾಗಿತು, ಕಚ್ಚಿತು. ಹೆಂಗಸರ ಕಡೆಯಿಂದ ಎದ್ದ ಚೀರಾಟಕ್ಕೆ ಹೊರಗಿನ ಸೋಡಾ ಅಂಗಡಿಯವನೂ ಬಾಗಿಲಿಗೆ ಓಡಿಬಂದ. ಮುದುಕಿಯ ಉಗುರು ಮಹಮೂದಾಳ ತೋಳಿನಲ್ಲಿ ಊರಿತ್ತು.

ಆಟ ಬಿಟ್ಟ ಮೇಲೆ ರಮೇಶ ಮುಖ ಬಾಡಿಸಿಕೊಂಡು ಬಂದ. ಅವಳೇ ಮೊದಲು ಬಾಯಿಬಿಟ್ಟಳು: “ತಮ್ಮಾ, ಕತ್ತರಿ ಹಚ್ಚಬ್ಯಾಡ. ನಗೋ ಮುಂದ ಮಂದಿ ಬಾಯಿ ತಗದಿರತದ. ಅಂಜಿಕಿ ಸೀದಾ ಒಳಗ ಹೋಗತದ.”

ಕತ್ತರಿ ಬೀಳಲಿಲ್ಲ. ಹಾವೇರಿಯಲ್ಲಿ, ಬ್ಯಾಡಗಿಯಲ್ಲಿ ಪಿಕ್ಚರು ವರ್ಷ ವರ್ಷವೂ ತಿರುಗಿ ಬಂತು. ಜನ ಆ ಹೊಸ್ತಿಲಿಗೆಂದೇ ಟಿಕೀಟು ತೆಗೆಸುತ್ತಿದ್ದರು. ಆ ವರ್ಷವೇ ಬ್ಯಾಡಗಿ ಕ್ಯಾಂಪಿನಲ್ಲಿ ಪ್ರಭುಲಿಂಗಪ್ಪ ಅದೇ ಕಥೆಯನ್ನು ರಂಗಕ್ಕೆ ಏರಿಸಿದ, ಮುಖ್ಯ ಪಾತ್ರ ಅವಳಿಗೇ ಕೊಟ್ಟ. ತಾಲೀಮಿನ ಮೊದಲ ದಿನ ಅವನಿಗೇ ಚಡಪಡಿಕೆ: ನಗೆ ಎದ್ದ ಮೇಲೆ ಎಷ್ಟು ಎಣಿಸಿ ಬಾಗುತ್ತೀ ಎಂದು ಕೇಳಿದ.

“ನಾಕಾದ್ರ ಮತ್ತ ನಗತಾರ್ರಿ ಮಾಲಕರ,” ಎಂದಳು ಕೋರೆಹಲ್ಲು ಒರೆಸುತ್ತ. “ಮೂರು.”