ಲಿಯೊನೆಲ್ ಉಳಿಸಿದ ಇಪ್ಪತ್ತು ಸೆಕೆಂಡು

ಶಿರ್ವದ ಲಿಯೊನೆಲ್ ಕ್ರಾಸ್ತಾ ಕೊಲ್ಲಿ ದೇಶದ ಮುಸಫ್ಫಾದ ಒಂದು ಎಣ್ಣೆ ಟ್ಯಾಂಕ್ ರಿಪೇರಿ ಕಂಪನಿಯಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ನೋಡಿಕೊಂಡಿದ್ದ. ‘ನೋಡಿಕೊಂಡಿದ್ದ’ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ವಿಸಿಟಿಂಗ್ ಕಾರ್ಡಿನಲ್ಲಿ ಸೀನಿಯರ್ ಸಿಸ್ಟಮ್ಸ್ ಇಂಜಿನಿಯರ್ ಎಂದಿತ್ತು. ಸೀನಿಯರ್ ಎಂಬುದು ಕಂಪನಿ ಕೊಟ್ಟದ್ದಲ್ಲ, ಕಾರ್ಡು ಅಚ್ಚು ಹಾಕಿಸುವಾಗ ಅವನೇ ಸೇರಿಸಿದ್ದು. ಆ ವಿಭಾಗದಲ್ಲಿ ಅವನೊಬ್ಬನೇ ಇದ್ದುದರಿಂದ ಜೂನಿಯರ್ ಯಾರೂ ಆಕ್ಷೇಪಿಸಲಿಲ್ಲ.

ಅವನ ಪಾಲಿಗೆ ಕಂಪ್ಯೂಟರ್ ಎಂದರೆ ಕರ್ನೆಲ್. ಯಂತ್ರಕ್ಕೆ ಕರೆಂಟು ಬಂದೊಡನೆ ಮೊದಲು ಎದ್ದು, ಉಳಿದ ಬಿಡಿಭಾಗಗಳನ್ನೆಲ್ಲ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಯಜಮಾನ ಅದು. ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಆ ಯಜಮಾನನನ್ನು ನಮಗೆ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು. ಉದ್ದನೆಯ ಪಟ್ಟಿಯೊಂದು ತೆರೆದುಕೊಳ್ಳುತ್ತದೆ: ಯುಎಸ್‌ಬಿ ಬೇಕೇ, ಯುಎಸ್‌ಬಿ ಪ್ರಿಂಟರ್ ಬೇಕೇ, ಕ್ಯಾಮೆರಾ ಬೇಕೇ. ಒಂದೊಂದಕ್ಕೂ ಮೂರು ಉತ್ತರ: ಬೇಕು, ಬೇಡ, ಕರೆದಾಗ ಬರಲಿ. ಈ ಪಟ್ಟಿಯ ಮುಂದೆ ಕೂತಾಗ ಲಿಯೊನೆಲ್‌ಗೆ ಅಕ್ಕಿಯಲ್ಲಿ ಕಲ್ಲು ಆರಿಸುವ ಅತ್ತೆಯ ಮುಖ ಬರುತ್ತಿತ್ತು. “ಕೆಲಸ ಇಲ್ಲದವನಿಗೆ ನನ್ನ ಕರ್ನೆಲಿನಲ್ಲಿ ವೀಸಾ ಇಲ್ಲ,” ಎನ್ನುತ್ತಿದ್ದ. ಇದನ್ನು ಅವನು ಆಫೀಸಿನಲ್ಲಿ ಹೇಳಿದ್ದ, ಚರ್ಚಿನ ಅಂಗಳದಲ್ಲಿ ಹೇಳಿದ್ದ, ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ ಕೇಕು ಕೈಯಲ್ಲಿ ಹಿಡಿದು ಹೇಳಿದ್ದ.

2003ರಲ್ಲಿ ಕಂಪನಿ ಟ್ಯಾಂಕಿನ ಬಾಗಿಲಿಗೊಂದು ಹೊಸ ಯಂತ್ರ ತರಿಸಿತು. ಅದಕ್ಕೆ ಮೊದಲು ಬಣ್ಣ ಬಳಿಯಲು ಟ್ಯಾಂಕಿನೊಳಗೆ ಹೋಗುವವರ ಲೆಕ್ಕ ಇಡುತ್ತಿದ್ದವನು ಉಳ್ಳಾಲದ ಫೋರ್‌ಮನ್ ಅಬ್ದುಲ್ ರವೂಫ್. ಒಳಗೆ ಹೋದವನ ತಗಡಿನ ಬಿಲ್ಲೆಯನ್ನು ಮೊಳೆಗೆ ನೇತು ಹಾಕುವುದು, ಹೊರಬಂದಾಗ ತೆಗೆಯುವುದು, ಮುಚ್ಚಳ ಹಾಕುವ ಮೊದಲು ತಲೆ ಒಳಗೆ ಹಾಕಿ ಗಟ್ಟಿಯಾಗಿ ಕೂಗುವುದು. ಬಣ್ಣದ ಆವಿಗೆ ಬೆಂಕಿ ಹತ್ತಬಾರದೆಂದು ಕೊನೆಯಲ್ಲಿ ಟ್ಯಾಂಕಿಗೆ ನೈಟ್ರೋಜನ್ ಬಿಡುತ್ತಾರೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗೆ ಮನುಷ್ಯನಿದ್ದರೆ, ಉಸಿರಾಡುವ ಗಾಳಿ ಮುಗಿದು ತಾನು ಬೀಳುತ್ತಿದ್ದೇನೆಂದೇ ಅವನಿಗೆ ತಿಳಿಯುವುದಿಲ್ಲ.

ಹೊಸ ಯಂತ್ರಕ್ಕೆ ಎರಡು ಕಾರ್ಡ್ ಪೆಟ್ಟಿಗೆಗಳು. ಒಳಹೋಗುವಾಗ ಹಸಿರು ಪೆಟ್ಟಿಗೆಗೆ ಕಾರ್ಡು ಉಜ್ಜಬೇಕು, ಬರುವಾಗ ಕೆಂಪಿಗೆ. ಒಳಗೆಷ್ಟು ಜನ ಎಂಬುದು ಗ್ಯಾಸ್ ಬಿಡುವವನ ಕ್ಯಾಬಿನ್ನಿನ ಪರದೆಯ ಮೇಲೆ ಕಾಣುತ್ತದೆ; ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ.

ಮೊದಲ ದಿನ ವಿಟ್ಲದ ಪೇಂಟರ್ ಪುರಂದರ ಹಸಿರು ಪೆಟ್ಟಿಗೆಯನ್ನು ಸುತ್ತಲೂ ನೋಡಿ ಕೇಳಿದ, “ಸಾರ್, ಇದಕ್ಕೆ ನನ್ನ ಗುರ್ತ ಸಿಗ್ತದಾ?”

“ನಿನ್ನ ಹೆಂಡ್ತಿಗಿಂತ ಚೆನ್ನಾಗಿ ಸಿಗ್ತದೆ,” ಎಂದ ಲಿಯೊನೆಲ್.

“ಅವಳು ನನ್ನನ್ನು ನೋಡಿ ಎರಡು ವರ್ಷ ಆಯ್ತು ಸಾರ್. ಹಾಗಾದ್ರೆ ಅದೇನು ದೊಡ್ಡ ವಿಷಯ ಅಲ್ಲ ಬಿಡಿ.”

ಈ ಯಂತ್ರದೊಳಗೂ ಲಿನಕ್ಸೇ ಇತ್ತು. ಮಾರಿದವರು ಆ ಎರಡು ಪೆಟ್ಟಿಗೆಗಳನ್ನು ಎಬ್ಬಿಸಿ ಮಾತಾಡಿಸುವ ಯುಎಸ್‌ಬಿ ಡ್ರೈವರನ್ನು ‘ಕರೆದಾಗ ಬರಲಿ’ ಎಂದು ಇಟ್ಟು, ಕರೆಯುವ ಮೊದಲು ಇಪ್ಪತ್ತು ಸೆಕೆಂಡು ಸುಮ್ಮನೆ ಕಾಯುವಂತೆ ಮಾಡಿದ್ದರು. ಲಿಯೊನೆಲ್‌ಗೆ ಈ ಸೋಮಾರಿತನ ಕಂಡು ಮೈಯುರಿಯಿತು. ಬೇಡದ್ದನ್ನೆಲ್ಲ ಕಿತ್ತುಹಾಕಿ, ಡ್ರೈವರಿಗೆ ‘ಬೇಕು’ ಎಂದು ಒತ್ತಿ, ಕರ್ನೆಲಿನೊಳಗೇ ಕೂರಿಸಿ, ಕಾಯುವ ಸಾಲನ್ನು ಅಳಿಸಿದ. ಆಫೀಸಿನ ಎಸಿಯಲ್ಲಿ ಐವತ್ತು ಸಲ ಪರೀಕ್ಷಿಸಿದ. ಐವತ್ತು ಸಲವೂ ಸರಿಯಾಗಿ ಎದ್ದಿತು. ಮೀಟಿಂಗಿನಲ್ಲಿ ನಿಂತು, “ಈ ಯಂತ್ರ ಸುಳ್ಳು ಹೇಳುವುದಿಲ್ಲ. ಇನ್ನು ಬಿಲ್ಲೆಯೂ ಬೇಡ, ಕೂಗುವುದೂ ಬೇಡ,” ಎಂದು ಘೋಷಿಸಿದ. ಮೊಳೆ ಹಲಗೆ ಅದೇ ವಾರ ಗುಜರಿಗೆ ಹೋಯಿತು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಬಣ್ಣದ ಕೆಲಸ ಮುಗಿಸಿ ಎಲ್ಲರೂ ಊಟಕ್ಕೆ ಹೊರಬಂದಿದ್ದರು. ಡೀಸೆಲ್ ತುಂಬಲು ಜನರೇಟರ್ ನಿಲ್ಲಿಸಿ ಮತ್ತೆ ಹಚ್ಚಿದರು. ಯಂತ್ರವೂ ಆರಿ ಮತ್ತೆ ಎದ್ದಿತು. ಒಂದೂ ಹತ್ತಕ್ಕೆ ಪುರಂದರ, ಮೂಲೆಯಲ್ಲೊಂದು ಕಡೆ ಬಣ್ಣ ತೆಳುವಾಗಿದೆ ಎಂದು ಬ್ರಷ್ ಹಿಡಿದು ಒಬ್ಬನೇ ಒಳಗೆ ಹೋದ. ಒಂದೂವರೆಗೆ ಕ್ಯಾಬಿನ್ನಿನವನು ಪರದೆ ನೋಡಿದ. ಸೊನ್ನೆ ಎಂದಿತ್ತು. ಮುಚ್ಚಳ ಹಾಕಿಸಿ ನೈಟ್ರೋಜನ್ ಬಿಡಿಸಿದ. ಯಾರೂ ಕೂಗಲಿಲ್ಲ.

ಪುರಂದರನನ್ನು ಹೊರಗೆ ತೆಗೆದದ್ದು ನಾಲ್ಕು ಗಂಟೆಗೆ. ಬ್ರಷ್ಷಿನ ಬಣ್ಣ ಒಣಗಿತ್ತು.

ಎರಡು ದಿನದಲ್ಲಿ ಸೇಫ್ಟಿ ಮ್ಯಾನೇಜರ್ ವರದಿ ಸಿದ್ಧಪಡಿಸಿದ. ಒಂದೂ ಹತ್ತಕ್ಕೆ ಪುರಂದರನ ಕಾರ್ಡು ‘ಹೊರಗೆ’ ಎಂದು ದಾಖಲಾಗಿದೆ. ಆದ್ದರಿಂದ ಅವನು ತಪ್ಪು ಪೆಟ್ಟಿಗೆಗೆ ಉಜ್ಜಿದ್ದಾನೆ. ಆದ್ದರಿಂದ ತಪ್ಪು ಅವನದೇ. ತಪ್ಪು ಸತ್ತವನದೇ ಎಂದಾದರೆ ವಿಟ್ಲಕ್ಕೆ ಹೋಗುವುದು ಶವದ ಪೆಟ್ಟಿಗೆಯೊಂದೇ, ಪರಿಹಾರವಿಲ್ಲ. ಗುರುವಾರ ವರದಿಗೆ ಸಹಿ ಬೀಳುವುದಿತ್ತು.

ಅಬ್ದುಲ್ ರವೂಫ್ ಲಿಯೊನೆಲ್‌ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ. “ಸಾರ್, ಅವ ಹಸಿರಿಗೇ ಉಜ್ಜಿದ್ದು. ನಾನು ಕೈ ತೊಳೀತಾ ಇದ್ದೆ, ಈ ಕಣ್ಣಲ್ಲೇ ನೋಡಿದ್ದೇನೆ. ಆಮೇಲೆ ಲಾರಿಯ ಹತ್ರ ಕರೆದ್ರು, ಹೋದೆ. ತಲೆ ಎಣಿಸ್ಲಿಲ್ಲ. ಎಣಿಸ್ಬೇಡ ಅಂತ ಹೇಳಿದ್ದು ನೀವೇ ಅಲ್ವಾ?”

ಲಿಯೊನೆಲ್ ಕಂಪ್ಯೂಟರಿನತ್ತ ತಿರುಗಿದ. ಯಂತ್ರ ಎದ್ದಾಗ ಕರ್ನೆಲ್ ತಾನೇ ಬರೆದುಕೊಳ್ಳುವ ಸಾಲುಗಳನ್ನು ತೆಗೆದು ನೋಡಿದ. ಎರಡು ಪೆಟ್ಟಿಗೆಗಳೂ ಅವಳಿಗಳು; ಒಂದೇ ಕಂಪನಿ, ಒಂದೇ ಮಾದರಿ, ಅವಕ್ಕೆ ಬೇರೆ ಬೇರೆ ಗುರುತಿಲ್ಲ. ಮೊದಲು ‘ಹಾಜರ್’ ಎಂದದ್ದಕ್ಕೆ ಒಂದನೇ ನಂಬರು, ಆಮೇಲಿನದಕ್ಕೆ ಎರಡು. ಒಂದನೆಯದು ಒಳಗೆ, ಎರಡನೆಯದು ಹೊರಗೆ. ಎರಡೂ ನಿಧಾನವಾಗಿ ಎಚ್ಚರಾಗಲಿ, ಸರದಿಯಂತೆ ಕರೆಯೋಣ ಎಂದೇ ಮಾರಿದವರು ಇಪ್ಪತ್ತು ಸೆಕೆಂಡು ಕಾಯಿಸಿದ್ದು. ಆ ದಿನ ಅವಸರದ ಕರ್ನೆಲ್ ಕರೆದಾಗ ಕೆಂಪು ಮೊದಲು ಓಗೊಟ್ಟು ಒಂದನೆಯದಾಗಿರಬೇಕು, ಹಸಿರು ‘ಹೊರಗೆ’ ಆಗಿರಬೇಕು.

ಖಾಲಿದಿಯಾ ಬಡಾವಣೆಯ ಮನೆಗೆ ಬಂದು ಹೆಂಡತಿ ಗರ್ಟ್ರೂಡ್‌ಗೆ ಹೇಳಿದ. ಆಕೆ ಆಸ್ಪತ್ರೆಯಲ್ಲಿ ನರ್ಸು, ಸಾವು ಕಂಡವಳು.

“ಬಾಯಿ ಬಿಟ್ಟರೆ ಕೆಲಸ ಹೋಗ್ತದೆ,” ಎಂದ.

“ಹೋಗ್ತದೆ.”

“ಜೈಲೂ ಆಗಬಹುದು.”

“ಆಗಬಹುದು,” ಎಂದಳು ಗರ್ಟ್ರೂಡ್, ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಲೇ. “ಹನ್ನೊಂದು ವರ್ಷ ನಿಮ್ಮ ಕರ್ನೆಲ್ಲಿನ ಕತೆ ಯಾರೂ ಕೇಳದೆ ಇದ್ರೂ ಹೇಳಿದ್ರಿ. ಈಗ ಕೇಳುವವರಿದ್ದಾರೆ.”

ಬುಧವಾರ ಮ್ಯಾನೇಜರನ ಮುಂದೆ ಲಿಯೊನೆಲ್ ಹನ್ನೊಂದು ಪುಟ ಇಟ್ಟ. ಯುಎಸ್‌ಬಿಯ ಚರಿತ್ರೆಯಿಂದಲೇ ಶುರುವಾಗಿತ್ತು. ‘ತಪ್ಪು ನನ್ನದು’ ಎಂಬುದು ಒಂಬತ್ತನೇ ಪುಟದಲ್ಲಿ ಬರುತ್ತಿತ್ತು. ಮ್ಯಾನೇಜರ್ ಎರಡನೇ ಪುಟಕ್ಕೇ ನಿಂತ.

“ಒಂದೇ ಮಾತಲ್ಲಿ ಹೇಳು.”

“ಪೆಟ್ಟಿಗೆಗಳು ಅದಲುಬದಲಾಗಿದ್ದವು. ನಾನು ಮಾಡಿದ ಬದಲಾವಣೆಯಿಂದ.”

“ತೋರಿಸು.”

ಯಂತ್ರವನ್ನು ಮೇಜಿನ ಮೇಲೆ ತಂದಿಟ್ಟರು. ಲಿಯೊನೆಲ್ ಆರಿಸಿ ಹಚ್ಚಿದ. ಹಸಿರು ಒಳಗೆ, ಕೆಂಪು ಹೊರಗೆ. ಮತ್ತೆ ಹಚ್ಚಿದ. ಸರಿಯಾಗಿಯೇ ಇತ್ತು. ಇಪ್ಪತ್ತು ಸಲ ಹಚ್ಚಿದ. ತನ್ನ ಕರ್ನೆಲ್ ಒಮ್ಮೆಯಾದರೂ ತಪ್ಪಲಿ ಎಂದು ಅವನು ದೇವಮಾತೆಯನ್ನು ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಕರ್ನೆಲ್ ಕೇಳಲಿಲ್ಲ, ಅಷ್ಟು ಚೆನ್ನಾಗಿ ಕಟ್ಟಿದ್ದ.

“ಈ ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ಇದೇ ಕೋಣೆಯಲ್ಲಿ ನೀನೇ ಹೇಳಿದ್ದೆ,” ಎಂದ ಮ್ಯಾನೇಜರ್, ಕರುಣೆಯಿಂದಲೇ. “ದುಃಖದಲ್ಲಿದ್ದೀ. ಮನೆಗೆ ಹೋಗು. ನಾಳೆ ಸಹಿ ಹಾಕಿ ಮುಗಿಸುತ್ತೇನೆ.”

ಹೊರಗೆ ಅಬ್ದುಲ್ ರವೂಫ್ ಕಾಯುತ್ತಿದ್ದ. ನಡೆದದ್ದನ್ನು ಕೇಳಿ, “ಅಲ್ಲಿ ಎಸಿ ಉಂಟಲ್ವಾ ಸಾರ್?” ಎಂದ.

“ಉಂಟು. ಅದಕ್ಕೆಂತ?”

“ಮಧ್ಯಾಹ್ನ ಹಸಿರು ಪೆಟ್ಟಿಗೆಗೆ ಬಿಸಿಲು ಬಡೀತದೆ, ಮುಟ್ಟಿದ್ರೆ ಬೆರಳು ಸುಡ್ತದೆ. ಕೆಂಪಿಗೆ ಏಣಿಯ ನೆರಳು. ಬಿಸಿಲಲ್ಲಿ ನಿಮಗೇ ಏಳ್ಲಿಕ್ಕೆ ಉದಾಸೀನ ಆಗುದಿಲ್ವಾ ಮಾರಾಯ್ರೆ? ಅದಕ್ಕೂ ಆಗ್ತದೇನೋ.”

ಸೀನಿಯರ್ ಸಿಸ್ಟಮ್ಸ್ ಇಂಜಿನಿಯರ್ ಏಳನೇ ಕ್ಲಾಸು ಓದಿದ ಫೋರ್‌ಮನ್ನನ ಮಾತನ್ನು ಚೀಟಿಯಲ್ಲಿ ಬರೆದುಕೊಂಡ.

ಗುರುವಾರ ಒಂದು ಗಂಟೆಗೆ ಲಿಯೊನೆಲ್, ‘ಹತ್ತೇ ನಿಮಿಷ’ ಎಂದು ಕಾಲು ಹಿಡಿಯುವುದೊಂದನ್ನು ಬಿಟ್ಟು ಉಳಿದೆಲ್ಲ ಮಾಡಿ, ಮ್ಯಾನೇಜರನನ್ನು ಟ್ಯಾಂಕಿನ ಬಾಗಿಲಿಗೆ ಕರೆತಂದ. ಪೆಟ್ಟಿಗೆಗಳನ್ನು ಮೊದಲಿದ್ದಲ್ಲೇ ಕೂರಿಸಿದ್ದರು. ಮೊದಲ ಸಲ ಸರಿಯಾಗಿ ಎದ್ದಿತು. ಎರಡನೇ ಸಲವೂ ಸರಿ. ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಮೂರನೇ ಸಲ ಹಚ್ಚಿದಾಗ ಅಬ್ದುಲ್ ರವೂಫ್ ತನ್ನ ಕಾರ್ಡನ್ನು ಹಸಿರು ಪೆಟ್ಟಿಗೆಗೆ ಉಜ್ಜಿ, ಟ್ಯಾಂಕಿನ ಬಾಯೊಳಗೆ ಕಾಲಿಟ್ಟು ನಿಂತ. ಹೊರಕ್ಕೆಳೆದು ತಂದಿದ್ದ ಪರದೆಯ ಮೇಲೆ ಅವನ ಹೆಸರು ಬಂತು, ಎದುರಿಗೆ ‘ಹೊರಗೆ’. ಒಳಗಿರುವವರು: ಸೊನ್ನೆ.

ಅಬ್ದುಲ್ ರವೂಫ್ ಒಳಗಿನಿಂದ ಕೂಗಿದ, “ನಾನು ಇಲ್ಲಿದ್ದೇನೆ ಸಾರ್.”

ಮ್ಯಾನೇಜರ್ ಆ ಸೊನ್ನೆಯನ್ನೇ ನೋಡುತ್ತ ನಿಂತ. ಆಮೇಲೆ ಬಗಲಿನ ವರದಿಯನ್ನು ತೆಗೆದು, ‘ಕಾರಣ’ ಎಂಬಲ್ಲಿದ್ದ ಪುರಂದರನ ಹೆಸರಿಗೆ ಗೀಟು ಹಾಕಿದ. ಪೆನ್ನು ಅಲ್ಲೇ ನಿಂತಿತು.

“ಇಲ್ಲಿ ಏನು ಬರೆಯಲಿ?”

ಲಿಯೊನೆಲ್ ತನ್ನ ಹೆಸರು ಹೇಳಿದ. ಹುದ್ದೆ ಹೇಳಲಿಲ್ಲ.

ಮ್ಯಾನೇಜರ್ ಬರೆದುಕೊಂಡು ಆಫೀಸಿನ ಕಡೆ ನಡೆದ. ಲಿಯೊನೆಲ್ ನಿಂತಲ್ಲೇ ನಿಂತಿದ್ದ, ಅಂಗಿ ಬೆನ್ನಿಗೆ ಅಂಟಿತ್ತು. ಅಬ್ದುಲ್ ರವೂಫ್ ಟ್ಯಾಂಕಿನಿಂದ ಇಳಿದು ಬಂದು ಅವನ ಮೊಣಕೈ ಹಿಡಿದ.

“ಖಲಾಸ್ ಸಾರ್, ಮುಗೀತು. ಬನ್ನಿ, ನೆರಳಿಗೆ ಬನ್ನಿ.”