ಹೆಬ್ಬೆಟ್ಟಿನ ತೃಪ್ತಿ

ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಕಾರ್ಖಾನೆಯಲ್ಲಿ ಹೆಂಗಸರು ತಿಂಗಳು ತುಂಬುವ ಮೊದಲೇ ಕೆಲಸ ಬಿಡುತ್ತಿದ್ದರು. ದಿನವಿಡೀ ಕುದಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ಎಳೆ ತೆಗೆಯಬೇಕು. ಎಳೆ ಹರಿದರೆ ಮೇಸ್ತ್ರಿಯ ಬೈಗುಳ. ಮಾಲೀಕ ಮಾತ್ರ ಅವರನ್ನೇ ಸೋಮಾರಿಗಳೆನ್ನುತ್ತಿದ್ದ.

ಅಲ್ಲಿ ಲೆಕ್ಕ ಬರೆಯುತ್ತಿದ್ದ ನಾನು ದೂರು ಬರೆದೆ. ಕಾರ್ಮಿಕ ಇನ್‌ಸ್ಪೆಕ್ಟರ್ ಬಂದರು. ಅಷ್ಟರಲ್ಲಿ ಮಾಲೀಕ ಕಾಗದವೊಂದನ್ನು ಸಿದ್ಧ ಮಾಡಿಟ್ಟಿದ್ದ: ‘ನಾವೆಲ್ಲ ಇಲ್ಲಿ ತೃಪ್ತರಾಗಿದ್ದೇವೆ.’ ಅದಕ್ಕೆ ಹೆಬ್ಬೆಟ್ಟು ಬಿದ್ದರೆ ನನ್ನ ದೂರು ಸತ್ತಂತೆ.

ಮೊದಲು ಮುನಿಯಮ್ಮ ಒತ್ತಿದಳು. ಶಾಯಿಯ ಮಚ್ಚೆ ಬಿತ್ತೇ ಹೊರತು ಗೆರೆ ಮೂಡಲಿಲ್ಲ.

“ಸರಿಯಾಗಿ ಒತ್ತಮ್ಮ,” ಎಂದ ಮಾಲೀಕ.

“ಗೆರೆ ಎಲ್ಲಿಂದ ತರ್ಲಿ ಸಾಮಿ? ನಿಮ್ಮ ನೀರೇ ತಿಂದ್ಬಿಡ್ತಲ್ಲ!”

ಉಳಿದವರ ಬೆರಳೂ ಹಾಗೆಯೇ. “ಗೆರೆಯಿಲ್ಲದ ಹೆಬ್ಬೆಟ್ಟು ನಡೆಯೋದಿಲ್ಲ,” ಎಂದರು ಇನ್‌ಸ್ಪೆಕ್ಟರ್.

“ಹಾಗಾದ್ರೆ ಕೈ ಬೆಂದದ್ದನ್ನಾದ್ರೂ ಬರ್ಕೊಳ್ಳಿ ಸ್ವಾಮಿ,” ಎಂದೆ.

“ಅದಕ್ಕೆ ಬೇರೆ ಫಾರಂ ಇದೆಯಪ್ಪ.”

ಕೊನೆಗೆ, ಅಂದು ಬೆಳಿಗ್ಗೆಯಷ್ಟೇ ಸೇರಿ ಇನ್ನೂ ನೀರಿಗೆ ಕೈಯಿಡದಿದ್ದ ಹೊಸಬಳೊಬ್ಬಳ ಹೆಬ್ಬೆಟ್ಟು ಚೆನ್ನಾಗಿ ಮೂಡಿತು. ಅಷ್ಟೇ ಸಾಕೆಂದು ಇನ್‌ಸ್ಪೆಕ್ಟರ್ ದೂರನ್ನು ಮುಚ್ಚಿದರು. ಸಂಜೆಗೆ ಅವಳೂ ಕೆಲಸ ಬಿಟ್ಟು ಹೋದಳು. ಸರ್ಕಾರದ ಕಡತದಲ್ಲಿ ಮಾತ್ರ ಇಂದಿಗೂ ತೃಪ್ತಳಾಗಿಯೇ ಇದ್ದಾಳೆ.